ಸುಂಕಲಮ್ಮನ ರವಿಕೆ ಫೋಟೊಗಳು

ಆವರಗೆರೆಯ ಟೈಲರ್ ಸುಂಕಲಮ್ಮ ಹೊಲಿದ ಪ್ರತಿ ರವಿಕೆಯನ್ನೂ ಗಿರಾಕಿಗೆ ಕೊಡುವ ಮುಂಚೆ ಫೋಟೊ ತೆಗೆದು, ಅವರ ಹೆಸರು ಬರೆದು ಒಂದು ಕಂಪನಿಯ ಮೂಲಕ ಆನ್‌ಲೈನಿನಲ್ಲಿ ಇಡುತ್ತಿದ್ದಳು. ಒಂಬತ್ತು ವರ್ಷದಲ್ಲಿ ಅವು ಆರು ಸಾವಿರ ದಾಟಿದ್ದವು. ಈ ಶ್ರಾವಣದಲ್ಲಿ ಆ ಕಂಪನಿಯವರು, ತಿಂಗಳೊಳಗೆ ಮುಚ್ಚುತ್ತೇವೆ, ನಿಮ್ಮ ಫೋಟೊ ಇಳಿಸಿಕೊಳ್ಳಿ ಎಂದು ತಿಳಿಸಿದರು.

ಹರಿಹರದಲ್ಲಿ ಕಂಪ್ಯೂಟರ್ ಕಲಿಸುವ ಅಕ್ಕನ ಮಗಳು ಚೈತ್ರಾ ಬಂದು ಕೂತಳು. ಸ್ವಲ್ಪ ಸ್ವಲ್ಪವೇ ಇಳಿಸಲು ಮೂರು ದಿನ ಹಿಡಿಯಿತು. ಆಮೇಲೆ ಹೊಸ ಜಾಗ ಹುಡುಕಿದಳು.

“ಇದು ಪುಕ್ಕಟೆ ಐತೆ ಚಿಕ್ಕಮ್ಮ, ಬೇಕಾದಷ್ಟು ಜಾಗಾನೂ ಕೊಡ್ತಾರೆ.”

“ಹಾಕೋದು ಸಲೀಸು ಬಿಡು. ನಾಳೆ ಇವರೂ ಮುಚ್ಚಿದ್ರೆ, ಎಲ್ಲಾ ಒಂದೇ ಸಲ ತೆಗಿಯಾಕೆ ಬರ್ತೈತೇನು?”

ಚೈತ್ರಾ ಹತ್ತು ಫೋಟೊ ಹಾಕಿ, ವಾಪಸ್ ತೆಗೆದು ನೋಡಿದಳು. ಬರೆದಿಟ್ಟ ಹೆಸರುಗಳೇ ಹಾರಿಹೋಗಿದ್ದವು. ವರ್ಷಕ್ಕಿಷ್ಟು ಎಂದು ದುಡ್ಡು ಕೇಳುವ ಇನ್ನೊಂದರಲ್ಲಿ ಮಾತ್ರ ಹಾಕಿದ್ದೆಲ್ಲ ಹಾಕಿದ ಹಾಗೇ ಒಟ್ಟಿಗೆ ಕೈಗೆ ಬಂತು.

“ಇದೇ ಇರ್ಲಿ” ಎಂದಳು ಸುಂಕಲಮ್ಮ. ಅಷ್ಟಕ್ಕೇ ನಂಬದೆ ಹಾರ್ಡ್ ಡಿಸ್ಕ್ ತರಿಸಿ, ಅದರಲ್ಲೂ ಒಂದು ಪ್ರತಿ ಹಾಕಿಸಿ ಬೀರುವಿನಲ್ಲಿಟ್ಟಳು.

ಲೆಕ್ಕ ಹಾಕಿದಾಗ ಮೊದಲ ವರ್ಷದ ನಲವತ್ತು ಫೋಟೊ ಸಿಗಲಿಲ್ಲ. ಕೈ ಇನ್ನೂ ಪಳಗದಿದ್ದಾಗ ಹೊಲಿದ ರವಿಕೆಗಳವು. “ಹೋದ್ರೆ ಹೋಗ್ಲಿ” ಎಂದಳು. ಆದರೂ ಸ್ವಲ್ಪ ಹೊತ್ತು ಮಷಿನ್ ತುಳಿಯಲಿಲ್ಲ.