ಮಲಗದ ಲ್ಯಾಪ್‌ಟಾಪು, ಚನ್ನಗಿರಿಯ ರಿಪೇರಿಯವರು

ಅವರ ಬಲಗಣ್ಣಿನ ಸುತ್ತ ದುಂಡನೆಯ ಒಂದು ಗುರುತಿತ್ತು. ವರ್ಷಗಟ್ಟಲೆ ಸಣ್ಣ ಭೂತಗನ್ನಡಿಯನ್ನು ಆ ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿ ಬಗ್ಗಿ ನೋಡಿ ಚರ್ಮವೇ ಅಲ್ಲಿ ತಗ್ಗಾಗಿತ್ತು. ಕನ್ನಡಿ ತೆಗೆದಾಗ ಆ ಕಣ್ಣು ಇನ್ನೊಂದಕ್ಕಿಂತ ಹೆಚ್ಚು ದಣಿದ ಹಾಗೆ ಕಾಣುತ್ತಿತ್ತು. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಮೊದಲು ರೇಡಿಯೋ, ಆಮೇಲೆ ಟಿ.ವಿ., ಮೊಬೈಲು, ಕಡೆಗೆ ಲ್ಯಾಪ್‌ಟಾಪು. ಹೊಸದು ಬಂದಾಗಲೆಲ್ಲ ಮತ್ತೆ ಒಂದರಿಂದ ಕಲಿತು ಸುಸ್ತಾದ ಮನುಷ್ಯ. ಊರವರ ಹಾಗೆ ನಾನೂ ರಿಪೇರಿಯವರು ಅನ್ನುತ್ತಿದ್ದೆ. ನನಗಿಂತ ಹದಿನೈದು ವರ್ಷ ಚಿಕ್ಕವರು, ಎದುರಿಗೆ ತಮ್ಮಾ ಎನ್ನುತ್ತಿದ್ದೆ.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬಸವಾಪಟ್ಟಣದಲ್ಲಿ ಅಡಿಕೆ ಸುಲಿದು ಸುಲಿದು ಬೆನ್ನು ಬಾಗಿದೆ. ಬರೆಯುವುದು ಸುಲಿಯುವುದಕ್ಕಿಂತ ಆಯಾಸ. ಆದರೆ ನಮ್ಮ ಮನೆತನಕ್ಕೇ ಮೊದಲು ಬಿ.ಎಡ್. ಮುಗಿಸಿದವಳು ನನ್ನ ಮೊಮ್ಮಗಳು. ಅವಳ ಮಾತು ಬಂದರೆ ನನಗೆ ಆಯಾಸವೂ ನೆನಪಿರುವುದಿಲ್ಲ.

ಹೊನ್ನಾಳಿಯ ಒಂದು ಶಾಲೆಯವರು ಅವಳಿಗೆ ಲ್ಯಾಪ್‌ಟಾಪಿನಲ್ಲೇ ಸಂದರ್ಶನ ಇಟ್ಟಿದ್ದರು. ಪರದೆಯ ಮೇಲೆ ನಲವತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಹತ್ತನೇ ನಿಮಿಷಕ್ಕೆ ಅದು ರೊಟ್ಟಿ ಹೆಂಚಿನಂತೆ ಕಾದು ತಾನಾಗಿ ಆರಿಹೋಯಿತು. ಹುಡುಗಿ ಅತ್ತಳು. ಫೋನ್ ಮಾಡಿ ಬೇಡಿಕೊಂಡಾಗ, "ಗುರುವಾರ ಇನ್ನೊಂದೇ ಸಲ. ಅದೂ ಆಗದಿದ್ದರೆ ಬೇರೆಯವರನ್ನು ತಗೋತೀವಿ" ಅಂದರಂತೆ.

ಮಂಗಳವಾರ ಇಬ್ಬರೂ ಬಸ್ಸು ಹತ್ತಿದೆವು. ಲ್ಯಾಪ್‌ಟಾಪನ್ನು ಕಂಬಳಿಯಲ್ಲಿ ಸುತ್ತಿ ನಾನೇ ತೊಡೆಯ ಮೇಲೆ ಇಟ್ಟುಕೊಂಡೆ. ದಾರಿಯುದ್ದಕ್ಕೂ ಕರುವಿನ ಮೈಯಂತೆ ಬೆಚ್ಚಗಿತ್ತು. ನನಗೆ ಅದೇ ಒಂದು ಹಿತ.

ರಿಪೇರಿಯವರು ಎಲ್ಲರ ಹಾಗೆ ಬಂದ ಕೂಡಲೇ ಸ್ಕ್ರೂ ಬಿಚ್ಚುವವರಲ್ಲ. ಮಕ್ಕಳ ಜ್ವರ ನೋಡುವಂತೆ ಅಂಗೈ ತಿರುಗಿಸಿ ಅದರ ತಳ ಮುಟ್ಟಿದರು.

"ಹೊಸ ಪಾರ್ಟ್ ಏನಾದ್ರೂ ಹಾಕ್ರಿ ಸರ್, ಗುರುವಾರ ಐತೆ" ಎಂದಳು ಮೊಮ್ಮಗಳು.

"ತಡಿಯವ್ವ. ಮನ್ಯಾಗೆ ಬೆಳಗಿಂದ ಇದಕ್ಕೆ ಏನೇನ್ ಮಾಡ್ತೀರೋ, ಇಲ್ಲಿ ಹಂಗೇ ಮಾಡಿ ತೋರ್ಸ್ರಿ. ಒಂದೂ ಬಿಡಬ್ಯಾಡ್ರಿ."

ಅಂಗಡಿಗೆ ಬಂದವರನ್ನೆಲ್ಲ ಅವರು ಹೀಗೆಯೇ ಆಡಿಸುತ್ತಿದ್ದರು. ಮೊಮ್ಮಗಳು ತೆರೆದಳು, ಪಾಠ ಹಾಕಿದಳು, ನಿಲ್ಲಿಸಿದಳು, ಮುಚ್ಚಿ ನನ್ನ ಕೈಗೆ ಕೊಟ್ಟಳು. ನನ್ನ ಸರದಿ. ಅಡಿಕೆ ಸಿಪ್ಪೆಯ ಧೂಳು ವಿದ್ಯೆಯ ವಸ್ತುವಿನ ಮೇಲೆ ಕೂರಬಾರದು ಎಂದು ನಾನು ದಿನಾ ಮಾಡುವಂತೆ ಕಂಬಳಿಯನ್ನು ಮೂರು ಸುತ್ತು ಸುತ್ತಿ, ತುದಿ ಸಿಕ್ಕಿಸಿ, ಕಣ್ಣಿಗೊತ್ತಿಕೊಂಡು ಕೆಳಗಿಟ್ಟೆ.

ಅವರು ನಗಲಿಲ್ಲ. ಬಗ್ಗಿ ಕಂಬಳಿಗೆ ಕಿವಿ ಇಟ್ಟರು.

"ಅಜ್ಜೀ, ಕೂಸು ಮಲಗೈತೆ ಅಂತ ಹೊದ್ಸೀರಿ. ಅದು ಒಳಗೆ ಎದ್ದು ಕುಂತು ಬೆವರ್ತಾ ಐತೆ. ಕೇಳ್ರಿ ಇಲ್ಲಿ."

ನಾನೂ ಕಿವಿ ಇಟ್ಟೆ. ಒಳಗೆ ಫ್ಯಾನು ಗುರ್ ಎನ್ನುತ್ತಿತ್ತು. ಮೊಮ್ಮಗಳಿಗೆ ಆಗ ನೆನಪಾಯಿತು. ನನ್ನ ಜೊತೆ ಅಡಿಕೆ ಸುಲಿಯುತ್ತಾ ಪಾಠ ಕೇಳುತ್ತಿದ್ದಳು; ಧೂಳಿಗೆ ಹೆದರಿ ಮುಚ್ಚಳ ಮುಚ್ಚಿಯೇ ಕೇಳುವುದು. ಅದಕ್ಕಾಗಿ ಮುಚ್ಚಿದರೂ ಮಲಗದಂತೆ ಸೆಟ್ಟಿಂಗ್ ಬದಲಿಸಿ ಮರೆತೇಬಿಟ್ಟಿದ್ದಳು.

ತಿರುಗಿ ನನ್ನ ಮೇಲೇ ಹರಿಹಾಯ್ದಳು. "ನಿನ್ ಕಂಬಳಿ ಒಂದು! ಯಾರ್ ಹೇಳಿದ್ರು ನಿಂಗೆ ಸುತ್ತಾಕೆ?"

"ಏ, ಅಜ್ಜಿಗ್ ಯಾಕ್ ಬೈತೀಯ? ಮಲಗಬ್ಯಾಡ ಅಂತ ಅದಕ್ಕೆ ಹೇಳ್ದಾಕಿ ನೀನು. ಪಾಠ ಮುಗಿದ್ಮೇಲೆ ಮಲಗು ಅಂತ ಹೇಳೋದು ಮರ್ತಾಕಿನೂ ನೀನೇ."

ನನಗಾಗಿ ಯಾರಾದರೂ ಹಾಗೆ ಮಾತಾಡಿ ಎಷ್ಟು ವರ್ಷವಾಗಿತ್ತೋ!

ಆಮೇಲೆ ಬಿಚ್ಚಿದರು. ಫ್ಯಾನಿನ ಬಾಯಿಗೆ ಕಂಬಳಿಯ ಎಳೆ, ಅಡಿಕೆ ಧೂಳು ಸೇರಿ ಬತ್ತಿಯಂತೆ ಕಟ್ಟಿಕೊಂಡಿತ್ತು. ಬ್ರಷ್ಷಿನಿಂದ ಬಿಡಿಸಿ, ಬಿಸಿ ಇಳಿಸಲು ಒಳಗೆ ಹಚ್ಚಿದ್ದ, ಈಗ ಒಣಗಿದ ಪೇಸ್ಟು ಕೆರೆದು ಹೊಸದು ಹಚ್ಚಿದರು. ಮುಚ್ಚಿದರೆ ಮಲಗುವಂತೆ ಮಾಡಿ ನನ್ನನ್ನು ಹತ್ತಿರ ಕರೆದರು.

"ಈ ಪುಟ್ಟ ದೀಪ ನೋಡ್ರಿ. ಕಣ್ಣು ಮಿಟುಕಿಸ್ತಾ ಇದ್ರೆ ಮಲಗೈತೆ ಅಂತ. ಸುಮ್ನೆ ಉರೀತಿದ್ರೆ ಎದ್ದೈತೆ. ಚೀಲಕ್ಕೆ ಹಾಕೋವಾಗ ಮಾತ್ರ ಪೂರ್ತಿ ಆಫ್ ಮಾಡ್ಸ್ರಿ. ಪಾಠದ ದಿನ ಎರಡು ಅಡಿಕೆ ಮರದ ದಬ್ಬೆ ಮೇಲೆ ಇಡ್ರಿ, ಕೆಳಗೆ ಗಾಳಿ ಆಡ್ಲಿ."

"ಕಂಬಳಿ ಏನ್ ಮಾಡ್ಲಿ ತಮ್ಮಾ?"

"ನೀವ್ ಹೊದ್ಕೊಳ್ರಿ!"

ಆಗ ನಕ್ಕರು. ನಕ್ಕು ಕೆಮ್ಮಿದರು. ಕೇಳಿದರೆ, ಕಿಡ್ನಿ ಕೆಟ್ಟು ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡಿಸಲು ದಾವಣಗೆರೆಗೆ ಹೋಗಿ ಬರುತ್ತಿದ್ದರಂತೆ, ಬಂದು ಮತ್ತೆ ಅಂಗಡಿಯಲ್ಲಿ ಕೂರುತ್ತಿದ್ದರಂತೆ. ಸ್ವಲ್ಪ ಮಲಗಬಾರದೇ ಎಂದೆ. "ಮಲಗ್ತೀನಜ್ಜೀ. ಕಣ್ಣು ಮುಚ್ಚಿದ್ರೂ ಫ್ಯಾನ್ ನಿಲ್ಲಂಗಿಲ್ಲ, ನಂದೂ ಅದೇ ಕಾಯಿಲೆ" ಎಂದು ಮತ್ತೆ ಕನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರು.

ಹದಿನೈದು ದಿನಕ್ಕೆ ಶಾಲೆಯಿಂದ ಪತ್ರ ಬಂತು. ನನ್ನ ಮೊಮ್ಮಗಳು ಟೀಚರು! ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ, ಬಸ್ ಕಂಡಕ್ಟರಿಗೂ ಹೇಳಿದೆ. ಶೇಂಗಾ ಉಂಡೆ ಕಟ್ಟಿಕೊಂಡು ಚನ್ನಗಿರಿಗೆ ಹೋದರೆ ಅಂಗಡಿಯ ಬಾಗಿಲು ಹಾಕಿತ್ತು. ಪಕ್ಕದವರು ಮನೆ ತೋರಿಸಿದರು.

ಬಾಗಿಲು ತೆಗೆದವಳು ಅವರ ಮಗಳು. "ನಾಲ್ಕು ದಿನದಿಂದ ನಿದ್ದೆನೇ ಇರ್ಲಿಲ್ಲ ಅಜ್ಜೀ, ಈಗ ಕಣ್ಣು ಹತ್ತೈತೆ. ಎಬ್ಬಿಸ್ಲಾ?"

ಒಳಗೆ ಮಂಚದ ಮೇಲೆ ಅವರು ಕಾಣುತ್ತಿದ್ದರು. ಬಾಯಿತುಂಬ ಸುದ್ದಿ ತಂದಿದ್ದೆ. ಆದರೂ ಮನಸ್ಸು ಬರಲಿಲ್ಲ. "ಬ್ಯಾಡವ್ವ, ಎದ್ಮೇಲೆ ಹೇಳು, ಹುಡುಗಿಗೆ ಕೆಲಸ ಸಿಕ್ತು ಅಂತ" ಎಂದು ಉಂಡೆ ಕೊಟ್ಟು ಬಂದೆ. ಎರಡೇ ದಿನಕ್ಕೆ ಅವರು ತೀರಿಕೊಂಡ ಸುದ್ದಿ ಬಂತು.

ಮಾತಾಡಿಸಲು ಹೋದಾಗ ಮಗಳು ಹೇಳಿದಳು. ಅವತ್ತು ಎದ್ದ ಮೇಲೆ ತಿಳಿಸಿದಳಂತೆ. ಸಂತೋಷ ಅಂತಲೂ ಅನ್ನದೆ, ಮೊದಲು ಒಂದೇ ಮಾತು ಕೇಳಿದರಂತೆ. "ನಡುವೆ ಆರ್ಲಿಲ್ಲ ತಾನೇ?" ಆ ಮಗುವಿಗೇನು ಗೊತ್ತು? "ಅಜ್ಜೀನ ಕೇಳಿ ಹೇಳ್ತೀನಪ್ಪಾ" ಅಂದಳಂತೆ.

ಆ ಗುರುವಾರ ಬಾಗಿಲಾಚೆ ಗೋಡೆ ಗಡಿಯಾರ ನೋಡುತ್ತಾ ನಾನು ಕೂತೇ ಇದ್ದೆ. ನಲವತ್ತು ನಿಮಿಷ ಹುಡುಗಿಯ ದನಿ ಒಂದು ಸಲವೂ ತುಂಡಾಗಲಿಲ್ಲ. ಆರಲಿಲ್ಲ ತಮ್ಮಾ.