ಫೋಟೋ ತೊಳೆದ ನೀರಿನ ಗೆಜ್ಜೆ

ಅಕ್ಕಸಾಲಿಗ ಮೂಸೆಯನ್ನು ಬಗ್ಗಿಸಿದಾಗ, ಅದರಲ್ಲಿ ಕಾಯಿಸಿದ್ದ ಕಪ್ಪು ಕೆಸರಿನಿಂದ ಬಿಳಿ ಹನಿಯೊಂದು ಜಾರಿ ಬಿತ್ತು. ಅರವತ್ತರ ದಶಕದಲ್ಲಿ ಪುತ್ತೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಗೆಳೆಯ ನಾರಾಯಣ ಆಗ ಹಿಡಿದಿಟ್ಟಿದ್ದ ಉಸಿರು ಬಿಟ್ಟ. ಫೋಟೋ ತೊಳೆದು ಚೆಲ್ಲುವ ನೀರಿನಲ್ಲಿ ಬೆಳ್ಳಿ ಇರುತ್ತದೆ, ಸತುವಿನ ತಗಡು ಮುಳುಗಿಸಿಟ್ಟರೆ ಸತು ಕರಗಿ ಬೆಳ್ಳಿ ಕಪ್ಪು ಕೆಸರಾಗಿ ಹೊರಬರುತ್ತದೆ ಎಂದು ಅವನಿಗೆ ಹೇಳಿದ್ದವನು ಮದರಾಸಿನಲ್ಲಿ ರಸಾಯನಶಾಸ್ತ್ರ ಓದಿ ಬಂದಿದ್ದ ನಾನು. ಅದನ್ನು ನಂಬಿ ಅವನು, ಮಗಳಿಗೆ ಆ ಬೆಳ್ಳಿಯಲ್ಲೇ ಗೆಜ್ಜೆ ಮಾಡಿಸುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ. ತಿಂಗಳುಗಟ್ಟಲೆ ಹಿತ್ತಿಲಲ್ಲಿ ಆ ನೀರು ತುಂಬಿಟ್ಟ ನಾರುವ ಮಡಕೆಗಳನ್ನು ಸಹಿಸಿದ್ದ ಆಕೆ ಮಗುವನ್ನೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು.

“ಬೆಳ್ಳಿಯೇ ಹೌದಾ ಆಚಾರ್ರೆ, ಅಲ್ಲ ಇವರಿಬ್ಬರ ಎಂತದಾದರೂ ಆಟವಾ?”

ಅಕ್ಕಸಾಲಿಗ ಒರೆಗೆ ಹಚ್ಚಿ ನೋಡಿದ. “ಬೆಳ್ಳಿಯೇ ಅಕ್ಕ. ಆದರೆ ಎರಡು ಕಾಲಿಗೆ ಸಾಕಾಗುದಿಲ್ಲ.”

“ಇನ್ನೊಂದು ಕಾಲಿಗೆ ಬರುವ ವರ್ಷದ ಮದುವೆ ಫೋಟೋಗಳು ಉಂಟಲ್ಲ ಮಾರಾಯ್ರೆ” ಎಂದ ನಾರಾಯಣ. ಮೊದಲು ನಕ್ಕದ್ದು ಅವನ ಹೆಂಡತಿ.

ಮಗು ಒಂದೇ ಕಾಲಿಗೆ ಗೆಜ್ಜೆ ಹಾಕಿಕೊಂಡು ನಡೆಯಲು ಕಲಿಯಿತೆಂದು ನನ್ನ ನೆನಪು. ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ಇದನ್ನು ನಾನೇ ಸೇರಿಸಿಕೊಂಡಿರಲೂಬಹುದು. ಆದರೂ ಸ್ಟುಡಿಯೋದೊಳಗಿಂದ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಬರುತ್ತಿದ್ದ ಆ ಸದ್ದು ಈಗಲೂ ಕಿವಿಯಲ್ಲಿದೆ.