ತಪ್ಪಿದವನ ಪೆಟ್ಟು

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಮಸ್ಕಿಯ ಗುಡ್ಡದ ಬುಡಕ್ಕೆ ನಮ್ಮ ಕೇರಿ, ಅಲ್ಲಿ ಏಳು ಜನರ ಹಲಗಿ ಮೇಳ, ಆ ಏಳರಲ್ಲಿ ನಾನೊಬ್ಬ. ಹಲಗಿ ಬಾರಿಸುವವರ ಗುಂಡಿಗೆ ಗಟ್ಟಿ ಅಂತ ಜನ ತಿಳಿದಿದ್ದಾರೆ. ಎಲ್ಲಿಯ ಮಾತು! ಅಷ್ಟು ಸಪ್ಪಳದ ನಡುವೆ ನಿಂತರೆ ನನ್ನ ಎದೆ ಹೊಡೆದುಕೊಳ್ಳುವುದು ಯಾರಿಗೂ ಕೇಳುವುದಿಲ್ಲ, ಅದಕ್ಕೇ ನಾನು ಮೇಳ ಸೇರಿದ್ದು.

ಮೇಳದ ಹಿರಿಯ ನನ್ನ ಸೋದರಮಾವ. ಹಗಲೆಲ್ಲ ಗೌಡರ ಹೊಲದಲ್ಲಿ ದುಡಿದು, ಸಂಜೆ ಮುಂದೆ ಹುಣಸೆ ಮರದ ಕೆಳಗೆ ಸೇರುತ್ತಿದ್ದೆವು. ಜೋಳದ ಕಣಿಕೆಗೆ ಉರಿ ಹಚ್ಚಿ ಹಲಗಿಯ ಚರ್ಮ ಕಾಯಿಸಿ, ಅದು ಬಿಗಿಯಾಗಿ ಟಣ್ ಅಂದ ಮೇಲೆ ತಾಲೀಮು ಶುರು. ಮಾವನ ಮೇಳದಲ್ಲಿ ಒಂದು ಕಟ್ಟಳೆ ಇತ್ತು, ಸುತ್ತಲಿನ ಯಾವ ಮೇಳದಲ್ಲೂ ನಾನು ಅದನ್ನು ಕಂಡಿಲ್ಲ. ಬೇರೆ ಕಡೆ ಒಬ್ಬ ಪೆಟ್ಟು ತಪ್ಪಿದರೆ ಹಿರಿಯ ಕಣ್ಣು ಕೆಕ್ಕರಿಸುತ್ತಾನೆ, ತಪ್ಪಿದವನು ಬೆವರುತ್ತ ಓಡಿಬಂದು ಉಳಿದವರನ್ನು ಕೂಡಿಕೊಳ್ಳಬೇಕು. ನಮ್ಮಲ್ಲಿ ತಿರುವುಮುರುವು. ಒಬ್ಬ ತಪ್ಪಿದರೆ ಉಳಿದವರೆಲ್ಲ ತಮ್ಮ ಪೆಟ್ಟು ಬಿಟ್ಟು ಅವನ ಪೆಟ್ಟಿಗೆ ಹೋಗಬೇಕು.

“ತಪ್ಪಿದಾವನ್ನ ಒಬ್ಬನ್ನ ಬಿಡಬ್ಯಾಡ್ರಿ,” ಅನ್ನುತ್ತಿದ್ದ ಮಾವ. “ಅವ ಎಲ್ಲಿ ಬಿದ್ದಾನ, ನೀವೂ ಅಲ್ಲೇ ಬೀಳ್ರಿ. ಏಳೂ ಮಂದಿ ಕೂಡಿ ತಪ್ಪಿದ್ರ ಅದಕ್ಕ ತಪ್ಪು ಅನ್ನಂಗಿಲ್ಲ, ಹೊಸಾ ಮಟ್ಟು ಅಂತಾರ.”

ನಮ್ಮ ಮೇಳದ ಅರ್ಧ ಮಟ್ಟುಗಳು ನನ್ನ ತಪ್ಪಿನಿಂದಲೇ ಹುಟ್ಟಿದವು ಅಂತ ಗೆಳೆಯರು ಕಾಡಿಸುತ್ತಿದ್ದರು. ಅದರಲ್ಲಿ ಸ್ವಲ್ಪ ನಿಜವೂ ಇತ್ತು.

ಮೊಹರಂ ಬಂದರೆ ನಮ್ಮ ಜೊತೆಗೆ ಎಂಟನೆಯವನೊಬ್ಬ ಸೇರುತ್ತಿದ್ದ. ನನ್ನ ವಾರಿಗೆಯ ಒಬ್ಬ ಪಿಂಜಾರ ಸಾಬ. ವರ್ಷವಿಡೀ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವನ ಕಸುಬು, ಮೊಹರಮ್ಮಿಗೆ ಮಾತ್ರ ಕೊರಳಿಗೆ ತಾಷಾ ನೇತುಹಾಕಿಕೊಂಡು ಎರಡು ಸಣ್ಣ ಕಡ್ಡಿಯಲ್ಲಿ ಚಟಪಟ ಬಾರಿಸುತ್ತಿದ್ದ. ಬೆಂಕಿಯ ಅಲಾಯಿ ಕುಣಿಯ ಸುತ್ತ ಕುಣಿಯುವಾಗ ಗೌಡ, ಶೆಟ್ಟಿ, ಸಾಬ, ನಮ್ಮ ಕೇರಿಯವ ಅಂತ ಯಾರೂ ನೋಡುತ್ತಿರಲಿಲ್ಲ. ಅವನ ತಾಷಾ ಕೇಳಿ ಕಾಲು ಎತ್ತದವನು ಆ ಸೀಮೆಯಲ್ಲೇ ಇರಲಿಲ್ಲ.

ನಲವತ್ತೆಂಟರ ಬೇಸಿಗೆಯಲ್ಲಿ ನಿಜಾಮನ ಪರ ದಂಡು ಕಟ್ಟಿದ್ದ ರಜಾಕಾರರು ಬಂದರು ಅಂದರೆ ಸಾಕು, ನಾವು ಜಾಲಿ ಪೊದೆ ಹೊಕ್ಕು ಬೋರಲು ಮಲಗುತ್ತಿದ್ದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದುಸ್ತಾನದ ಫೌಜು ಬಂತು, ನಿಜಾಮನ ಆಳ್ವಿಕೆ ಹೋಯಿತು. ಇನ್ನು ಹೆದರಿಕೆ ಇಲ್ಲ ಅಂದುಕೊಂಡೆ. ಹೆದರಿಕೆ ಎಲ್ಲಿ ಹೋಗುತ್ತದೆ? ಮನೆ ಬದಲಿಸಿತು, ಅಷ್ಟೆ. ರಜಾಕಾರರು ಓಡಿಹೋಗಿದ್ದರು, ಸಿಟ್ಟು ತೀರಿಸಿಕೊಳ್ಳುವವರ ಕೈಗೆ ಸಿಕ್ಕವರು ಗಾದಿ ಹೊಲಿಯುವವರು, ಬಳೆ ಮಾರುವವರು. ದಾರಿಯಲ್ಲಿ ಕೊಡಲಿ ಹಿಡಿದು ನಿಲ್ಲುತ್ತಾರಂತೆ, ಬಟ್ಟೆ ಬಿಚ್ಚಿಸಿ ಯಾವ ಜಾತಿ ಅಂತ ನೋಡುತ್ತಾರಂತೆ ಅನ್ನುವ ಸುದ್ದಿ ದಿನಾ ಬರುತ್ತಿತ್ತು.

ಪಿಂಜಾರ ಸಿಂಧನೂರು ಕಡೆ ಕೆಲಸಕ್ಕೆ ಹೋದವನು ತಿರುಗಿ ಬರುವಾಗ ಮುಂದೆ ಹೋಗಲಾರದೆ ನಮ್ಮ ಕೇರಿಯಲ್ಲೇ ಉಳಿದ. ಮಾವ ಅವನನ್ನು ಕಣಿಕೆಯ ಬಣವೆಯ ಹಿಂದಿನ ಗುಡಿಸಲಲ್ಲಿ ಇಟ್ಟ. ಅವನ ಹೆಂಡತಿ, ಎಳೆ ಕೂಸು ಲಿಂಗಸುಗೂರಿನಲ್ಲಿ ಅವಳ ತವರುಮನೆಯಲ್ಲಿದ್ದರು. ಆ ಮನೆಯ ಓಣಿಯ ಬಾಯಿಗೆ ಫೌಜಿನ ಕಾವಲು ಕೂತಿದೆ ಅಂತ ಸುದ್ದಿ. ಅಲ್ಲಿ ಮುಟ್ಟಿದರೆ ಬದುಕಿದ. ಆದರೆ ನಡುವೆ ಇಡೀ ಹಗಲಿನ ದಾರಿ, ಆ ದಾರಿಯಲ್ಲಿ ಕೊಡಲಿಗಳು.

ಒಂದು ಬೆಳಿಗ್ಗೆ ಮಾವ ಅವನ ಗಡ್ಡ ತೆಗೆಸಿ, ಹಳೆಯ ದೋತರ ಉಡಿಸಿ, ಹಣೆಗೆ ಭಂಡಾರ ಬಳಿದು, ನಮ್ಮ ಏಳರಲ್ಲಿ ಮುಪ್ಪಾದವನೊಬ್ಬನ ಹಲಗಿ ಅವನ ಹೆಗಲಿಗೆ ಹಾಕಿದ. ಮುದುಕ ಮನೆಯಲ್ಲಿ ಉಳಿದ. ಏಳಕ್ಕೆ ಏಳು ಸರಿಹೋಯಿತು. ಮಹಾನವಮಿ ಹಬ್ಬದ ಮೊದಲ ದಿನ, ಲಿಂಗಸುಗೂರಿನ ದೇವಿ ಗುಡಿಯಲ್ಲಿ ಘಟಸ್ಥಾಪನೆ, ಅಲ್ಲಿಗೆ ಬಾರಿಸಲು ಹೊರಟಿದ್ದೇವೆ ಅನ್ನುವುದು ನಾವು ಹೇಳಬೇಕಾದ ಮಾತು.

“ನಮ್ಮ ಮೈ ಯಾರು ಮುಟ್ತಾರಲೇ?” ಅಂದ ಮಾವ. “ಹುಟ್ಟಿದಾಗಿಂದ ದೂರ ಸರಿ ಅಂತ ಅನ್ನಿಸಿಕೊಂಡೀವಿ. ಒಂದು ದಿನರ ಅದು ಕೆಲಸಕ್ಕ ಬರಲಿ.”

ಜ್ವರ ಬಂದಿದೆ ಅಂತ ಹೇಳೋಣ ಅಂದುಕೊಂಡೆ. ಅವ್ವ ನನ್ನ ಮುಖ ನೋಡಿದವಳೇ ಬುತ್ತಿ ಕಟ್ಟಿ ಕೈಗಿಟ್ಟಳು. ಅವಳೆದುರು ಸುಳ್ಳು ಹೇಳುವುದಕ್ಕೂ ನನಗೆ ಹೆದರಿಕೆಯೇ.

ಸಜ್ಜೆಯ ಹೊಲಗಳ ನಡುವೆ ನಡೆದೆವು. ಪಿಂಜಾರ ನನ್ನ ಮುಂದೆ ಇದ್ದ. ಅವನ ಕತ್ತಿನ ಮೇಲೆ ಬೆವರು ಇಳಿಯುವುದನ್ನು ನೋಡುತ್ತ ನಡೆದೆ, ಬೇರೆ ಕಡೆ ನೋಡುವ ಧೈರ್ಯವಾಗಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಒಂದು ಹಳ್ಳ ದಾಟಿದೆವು. ಆಚೆ ದಡದ ಬೇವಿನ ಮರದ ಕೆಳಗೆ ಐದಾರು ಮಂದಿ ಎದ್ದು ನಿಂತರು. ಕೊಡಲಿ, ಭರ್ಚಿ. ಅವರ ಮುಂದಾಳು ಕೆಂಪು ರುಮಾಲು ಸುತ್ತಿದ್ದ.

“ಎಲ್ಲಿಗಲೇ ಹೊಂಟೀರಿ?”

“ಲಿಂಗಸುಗೂರಿಗ್ರೀ. ದೇವಿ ಘಟಸ್ಥಾಪನಾ ಅದರೀ,” ಅಂದ ಮಾವ, ಕೈ ಮುಗಿದು.

ಒಬ್ಬ ಮುಂದೆ ಬಂದು ಪಿಂಜಾರನ ದೋತರದ ಕಡೆ ಕೈ ಚಾಚಿದ. ಹಿಂದಿನಿಂದ ಇನ್ನೊಬ್ಬ ಬೈದ. “ಏ, ಮುಟ್ಟಬ್ಯಾಡಲೇ. ಮತ್ತ ಹಳ್ಳಕ್ಕ ಇಳಿದು ಮೈ ತೊಳಕೊಬೇಕು.” ಚಾಚಿದ ಕೈ ಹಿಂದಕ್ಕೆ ಹೋಯಿತು. ಮಾವ ಹೇಳಿದ್ದು ನಿಜವಾಯಿತು ಅಂತ ನಾನು ಉಸಿರು ಬಿಡುವಷ್ಟರಲ್ಲಿ ಕೆಂಪು ರುಮಾಲಿನವನು ನಕ್ಕ.

“ಹಂಗಾರ ಬಾರಿಸ್ರಿ ನೋಡೋಣು. ಹಲಗಿಯವರು ಹೌದೋ ಅಲ್ಲೋ ಕೈ ಹೇಳತದ.”

ಇದನ್ನು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಹಲಗಿಯನ್ನು ಎಡ ಹೆಗಲಿಗೆ ಒರಗಿಸಿ, ಎಡಗೈಯ ಸಣ್ಣ ಕಡ್ಡಿಯನ್ನು ಚರ್ಮಕ್ಕೆ ಒತ್ತಿ, ಬಲಗೈಯ ದಪ್ಪ ಕೋಲಿನಿಂದ ಹೊಡೆಯಬೇಕು. ತಾಷಾದವನ ಎರಡೂ ಕೈ ಸಮ ಓಡುತ್ತವೆ. ಅವನಿಗೆ ಹಲಗಿ ಹೊರುವುದನ್ನು ಕಲಿಸಿದ್ದೆವೇ ಹೊರತು ಬಾರಿಸುವುದನ್ನು ಕಲಿಸಿರಲಿಲ್ಲ.

ಮಾವ ದೇವಿ ಮಟ್ಟು ಎತ್ತಿದ. ನಾವು ಹಿಡಿದೆವು. ಪಿಂಜಾರನೂ ನಾಲ್ಕು ಪೆಟ್ಟು ಹೇಗೋ ತಳ್ಳಿದ. ಆಮೇಲೆ ಅವನ ಕೈ ದಾರಿ ಬಿಟ್ಟಿತು. ಹೆದರಿದ ಕೈ ತನಗೆ ಗೊತ್ತಿದ್ದ ಕಡೆಗೇ ಓಡುತ್ತದಲ್ಲ, ಎರಡೂ ಕಡ್ಡಿ ಕೂಡಿ ಚಟಪಟ ಶುರುವಾಯಿತು. ನಮ್ಮ ಸಪ್ಪಳದೊಳಗೆ ಅವನದು ಬೇರೆಯಾಗಿ, ಅಕ್ಕಿಯೊಳಗಿನ ಕಲ್ಲಿನ ಹಾಗೆ ಕೇಳಿತು. ಕೆಂಪು ರುಮಾಲಿನವನ ಕಣ್ಣುಗಳು ಅವನ ಕೈಗಳ ಮೇಲೆ ಹೋಗಿ ಅಲ್ಲೇ ನಿಂತವು.

ಮಾವ ಯಾರ ಮುಖವನ್ನೂ ನೋಡಲಿಲ್ಲ. ದೇವಿ ಮಟ್ಟು ಬಿಟ್ಟು ಪಿಂಜಾರನ ಪೆಟ್ಟಿಗೆ ಹೋದ. ಅವನ ಪಕ್ಕದವನು ಹೋದ. ಇನ್ನೊಬ್ಬ ಹೋದ. ಕೊನೆಗೆ ಸರಿಯಾದ ಮಟ್ಟಿನಲ್ಲಿ ಉಳಿದವನು ನಾನೊಬ್ಬನೇ. ಅಲ್ಲೇ ನಿಂತರೆ ನಾನು ಹಲಗಿಯವನೇ ಅಂತ ಸಾಕ್ಷಿಯಾಗಿ ಬದುಕುತ್ತೇನೆ ಅನ್ನುವ ಲೆಕ್ಕ ನನ್ನ ತಲೆಯಲ್ಲಿ ಮಿಂಚಿ ಹೋಯಿತು. ಆದರೆ ಕೈ ತಲೆಯನ್ನು ಕೇಳಲಿಲ್ಲ. ಹುಣಸೆ ಮರದ ಕೆಳಗೆ ವರ್ಷಗಟ್ಟಲೆ ಬೈಸಿಕೊಂಡ ಕೈ ಅದು, ತಾನೇ ಹೋಯಿತು.

ಹೋದ ಮೇಲೆ ನಮಗೆಲ್ಲ ಒಟ್ಟಿಗೆ ಗೊತ್ತಾಯಿತು. ನಾವು ಬಾರಿಸುತ್ತಿದ್ದದ್ದು ಅಲಾಯಿ ಮಟ್ಟು. ಕೊಡಲಿ ಹಿಡಿದು ಸಾಬರನ್ನು ಹುಡುಕುವವರ ಎದುರು ಏಳು ಹಲಗಿಯಲ್ಲಿ ಮೊಹರಂ ಬಾರಿಸುತ್ತಿದ್ದೆವು. ನಿಲ್ಲಿಸುವ ಹಾಗಿಲ್ಲ, ಮುಂದುವರಿಸುವ ಹಾಗಿಲ್ಲ. ನಾನು ತಲೆ ತಗ್ಗಿಸಿದ್ದರಿಂದ ಎದುರಿನವರ ಕಾಲುಗಳು ಕಂಡವು. ಕೆಂಪು ರುಮಾಲಿನವನ ಬಲಗಾಲಿನ ಹಿಮ್ಮಡಿ ಏಳುತ್ತಿತ್ತು, ಇಳಿಯುತ್ತಿತ್ತು. ಅವನ ಹಿಂದಿನವನದೂ. ಅವರ ಕಾಲಿಗೂ ಅದು ಹುಟ್ಟಿದಾಗಿನಿಂದ ಗೊತ್ತಿದ್ದ ಮಟ್ಟು.

ಅವನೂ ತನ್ನ ಕಾಲು ನೋಡಿಕೊಂಡ. ಮುಖ ಕಪ್ಪಿಟ್ಟಿತು. “ಸಾಕು ನಿಲ್ಲಸ್ರಿ!” ಅಂತ ಕೊಡಲಿ ಎತ್ತಿದ.

ಏಳೂ ಹಲಗಿ ಒಟ್ಟಿಗೆ ನಿಂತವು.

“ಇದು ದೇವಿ ಮಟ್ಟೇನಲೇ?”

“ತಪ್ಪೇತ್ರೀ,” ಅಂದ ಮಾವ. “ನಮ್ಮ ಮೇಳದಾಗ ಒಬ್ಬ ತಪ್ಪಿದ್ರ ಎಲ್ಲಾರೂ ತಪ್ಪತೀವ್ರೀ.”

ಕೆಂಪು ರುಮಾಲಿನವನು ಪಿಂಜಾರನ ಮುಖವನ್ನು, ಹೊಸದಾಗಿ ಬೋಳಿಸಿದ ಬಿಳಿ ಗಲ್ಲವನ್ನು ಬಹಳ ಹೊತ್ತು ನೋಡಿದ. ಅವನಿಗೆ ತಿಳಿಯಿತು. ತಿಳಿಯದೆ ಇರಲು ಅವನೇನು ಕುರುಡನೇ?

“ಹೋಗ್ರಿ,” ಅಂದ. “ಹೊತ್ತು ಮುಣುಗೂದರಾಗ ಮುಟ್ರಿ.”

ಉಳಿದ ದಾರಿಯುದ್ದಕ್ಕೂ ನನ್ನ ಬೆನ್ನು ಕೊಡಲಿಗಾಗಿ ಕಾಯುತ್ತಿತ್ತು. ಹೊತ್ತು ಇಳಿಯುವಾಗ ಓಣಿ ಮುಟ್ಟಿದೆವು. ಗಡ್ಡವಿಲ್ಲದ ಮುಖ ನೋಡಿ ಅವನ ಕೂಸು ಕಿರುಚಿತು. ಹೆಂಡತಿ ಅವನ ಕೈ ಹಿಡಿದು ನೋಡಿಯೇ ಗುರುತಿಸಿದಳು. ಪಿಂಜಾರ ಹಲಗಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಅದರ ಪಕ್ಕದಲ್ಲೇ ಕುಸಿದು ಕೂತು ಅತ್ತ. ನಾನೂ ಅತ್ತೆ, ನನ್ನದು ಬರೀ ಹೆದರಿಕೆಯ ಅಳು. ಮಾವ ಮಾತ್ರ ನಮ್ಮನ್ನು ಎಬ್ಬಿಸಿಕೊಂಡು ದೇವಿ ಗುಡಿಗೆ ಹೋಗಿ ನಿಜಕ್ಕೂ ಬಾರಿಸಿದ. ದೇವಿಯ ಹೆಸರಲ್ಲಿ ಹೇಳಿದ ಸುಳ್ಳನ್ನು ಉಳಿಸಿಕೊಳ್ಳಬಾರದಂತೆ.

ಆಮೇಲೆ ಎರಡು ವರ್ಷ ಆ ಕಡೆಯ ಊರುಗಳಲ್ಲಿ ಅಲಾಯಿ ಕುಣಿ ತೋಡಲಿಲ್ಲ. ಮೂರನೆಯ ವರ್ಷ ಅಂದು ನಮ್ಮನ್ನು ತಡೆದಿದ್ದ ಹಳ್ಳದ ದಡದ ಊರಿನವರೇ ನಮ್ಮ ಮೇಳವನ್ನು ಕರೆದರು. ನಾನು ಬರುವುದಿಲ್ಲ, ಮೈ ಬಿಸಿಯಾಗಿದೆ ಅಂದೆ.

“ಪಿಂಜಾರ ಬರಾಕತ್ತಾನ,” ಅಂದ ಮಾವ. “ನಿನಗೇನಲೇ ರೋಗ?”

ಅವನು ಗಡ್ಡ ಬಿಟ್ಟುಕೊಂಡು, ಕೊರಳಲ್ಲಿ ತಾಷಾ ಹಾಕಿಕೊಂಡು ಬಂದಿದ್ದ. ಕಡೆಯ ದಿನದ ಮಧ್ಯಾಹ್ನ. ಕುಣಿಯ ಸುತ್ತ ಊರೇ ಕುಣಿಯುತ್ತಿತ್ತು. ಆ ಸುತ್ತಿನೊಳಗಿಂದ ಕೆಂಪು ರುಮಾಲು ಬರುವುದು ಕಂಡಿತು. ಕುಣಿ ತೋಡಿದ ಸಲಿಕೆಯನ್ನು ಹೆಗಲ ಮೇಲೆ ಇಟ್ಟುಕೊಂಡು ಕುಣಿಯುತ್ತಿದ್ದ. ನನ್ನ ಎದುರಿಗೆ ಬಂದಾಗ ಸಲಿಕೆಯ ಬಾಯಿಗೆ ಬಿಸಿಲು ಬಿದ್ದು ಹೊಳೆಯಿತು. ಅದು ಸಲಿಕೆ ಅಂತ ಕಣ್ಣಿಗೆ ಗೊತ್ತಿತ್ತು, ಕೈಗೆ ಗೊತ್ತಾಗಲಿಲ್ಲ. ಕೋಲು ಗಾಳಿಯಲ್ಲೇ ನಿಂತಿತು. ತಿರುಗಿ ಬಿದ್ದಾಗ ಎಲ್ಲೋ ಬಿತ್ತು. ಪೆಟ್ಟು ಕುಂಟತೊಡಗಿತು. ಅಷ್ಟು ಜನರ ನಡುವೆ ನಾನೊಬ್ಬನೇ ಆಗಿದ್ದೆ.

ಆಗ ತಾಷಾ ನಿಂತಿತು. ನನ್ನ ಕುಂಟು ಪೆಟ್ಟಿನ ಮೇಲೆ ಮೆಲ್ಲಗೆ ಬಂದು ಕೂತಿತು. ಆಮೇಲೆ ಮಾವನ ಹಲಗಿ, ಆಮೇಲೆ ಉಳಿದವರದು. ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದ ಕೆಂಪು ರುಮಾಲಿನವನು ಕೊನೆಗೆ ನನ್ನ ತಪ್ಪು ಪೆಟ್ಟಿನ ಮೇಲೇ ಇಟ್ಟ. ಇಡೀ ಊರು ಕುಂಟುತ್ತ ಕುಣಿಯಿತು. ಪಿಂಜಾರ ಅವನ ಕಡೆ ನೋಡಲಿಲ್ಲ, ನನ್ನ ಕೈಗಳನ್ನೇ ನೋಡುತ್ತಿದ್ದ. ಅವು ತಿರುಗಿ ದಾರಿಗೆ ಬರುವ ತನಕ ಅವನು ತನ್ನ ಪೆಟ್ಟಿಗೆ ವಾಪಸು ಹೋಗಲಿಲ್ಲ.